ಎರಡು ಗಂಟೆಯ ನಾಡಿ

ನರ್ಸಿಂಗ್ ಓದುತ್ತಿದ್ದ ಮೂರನೇ ವರ್ಷದಲ್ಲಿ, ಒಂದು ಮಧ್ಯಾಹ್ನ, ನಾನು ಒಬ್ಬರ ಕೈ ಮುಟ್ಟದೆಯೇ ಅವರ ನಾಡಿಬಡಿತ ನಿಮಿಷಕ್ಕೆ ಎಂಬತ್ತು ಎಂದು ಬರೆದೆ. ಸಂಜೆಯೊಳಗೆ ಅವರು ತೀರಿಕೊಂಡರು. ಶಿಕ್ಷೆ ಆದದ್ದು ನನ್ನ ಗೆಳತಿಗೆ. ಅವಳು ಕಾಲೇಜು ಬಿಟ್ಟಳು. ನಾನು ಓದು ಮುಗಿಸಿ ಈಗ ಅದೇ ಕೆಲಸವನ್ನು ಬೇರೆ ಮಕ್ಕಳಿಗೆ ಕಲಿಸುತ್ತಿದ್ದೇನೆ. ನನ್ನನ್ನು ಗಟ್ಟಿ ಹುಡುಗಿ ಅನ್ನುವವರು ಬಹಳ ಜನ ಇದ್ದಾರೆ. ಆ ಗಟ್ಟಿತನ ಎಲ್ಲಿಂದ ಬಂತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಒಮ್ಮೆಯಾದರೂ ಬರೆಯಬೇಕು ಅನ್ನಿಸಿದೆ.

ನಮ್ಮ ಮನೆ ರಾಮಕೃಷ್ಣನಗರದಲ್ಲಿ. ಮುತ್ತಾತ ಅರಮನೆಯ ಕಚೇರಿಯಲ್ಲಿ ಕೆಲಸಕ್ಕಿದ್ದವರು. ತಾತ ಸಂಸ್ಕೃತದ ಮೇಷ್ಟರು. ಅಪ್ಪ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾರೆ. ಅಮ್ಮನ ಅಣ್ಣ, ನಮ್ಮ ಸೋದರಮಾವ, ಡಾಕ್ಟರು. ನಾನೂ ಡಾಕ್ಟರಾಗಬೇಕೆಂದು ಎಲ್ಲರೂ ಗೊತ್ತು ಮಾಡಿದ್ದರು. ಪ್ರವೇಶ ಪರೀಕ್ಷೆ ಎರಡು ಸಲ ಬರೆದೆ, ಎರಡು ಸಲವೂ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಆಮೇಲೆ ಮಾವನೇ ತಾವು ಕೆಲಸ ಮಾಡುವ ಆಸ್ಪತ್ರೆಗೆ ಸೇರಿದ ನರ್ಸಿಂಗ್ ಕಾಲೇಜಿನಲ್ಲಿ ನನ್ನನ್ನು ಸೇರಿಸಿದರು. ಅಮ್ಮ ಮದುವೆ ಮುಂಜಿಗಳಲ್ಲಿ ಯಾರಾದರೂ ಕೇಳಿದರೆ, "ಮೆಡಿಕಲ್ ಲೈನಲ್ಲಿದಾಳೆ" ಅನ್ನುತ್ತಿದ್ದಳು. ನರ್ಸಿಂಗ್ ಎಂಬ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಬೇರೆ ಜಾತಿಯವರ ಮಲಮೂತ್ರ ಎತ್ತುವ ಕೆಲಸ ಎಂದು ಅಜ್ಜಿ ಒಂದೇ ಒಂದು ಸಲ ಅಂದಿದ್ದರು. ಆಮೇಲೆ ಮನೆಯಲ್ಲಿ ನನ್ನ ಓದಿನ ಬಗ್ಗೆ ಮಾತೇ ನಿಂತುಹೋಯಿತು.

ಕೊರೊನಾ ಕಳೆದು ಕಾಲೇಜುಗಳು ಮತ್ತೆ ಬಾಗಿಲು ತೆರೆದಿದ್ದ ವರ್ಷ ನಾನು ಸೇರಿದ್ದು. ಹಾಜರಿ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೇ ಆ ಗೆಳತಿಯ ಹೆಸರು. ಹಾಗಾಗಿ ಬೆಂಚು, ಲ್ಯಾಬು, ವಾರ್ಡು, ಎಲ್ಲ ಕಡೆಯೂ ಇಬ್ಬರೂ ಜೊತೆಗೆ. ಅವಳ ಮನೆ ಊರಿನ ಇನ್ನೊಂದು ತುದಿಯ ಕೆಸರೆಯಲ್ಲಿ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದರು, ಅಮ್ಮ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ಅವಳು ನನ್ನ ಹಾಗೆ ಬೇರೇನೂ ಸಿಗದೆ ಬಂದವಳಲ್ಲ, ಆರಿಸಿಕೊಂಡು ಬಂದವಳು. ಚಿಕ್ಕವಳಿದ್ದಾಗ ಅವಳ ಅಜ್ಜಿ ಸುಟ್ಟಗಾಯದಿಂದ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರಂತೆ. ದಿನಾ ಡ್ರೆಸ್ಸಿಂಗ್ ಮಾಡುವ ಮುಂಚೆ ಒಬ್ಬ ಸಿಸ್ಟರ್, "ಅಜ್ಜಿ, ಈಗ ನೋವಾಗುತ್ತೆ, ನನ್ನ ಬೈದ್ಕೊಳಿ" ಅನ್ನುತ್ತಿದ್ದರಂತೆ. ಅಜ್ಜಿ ಬಾಯಿಗೆ ಬಂದ ಹಾಗೆ ಬೈಯುವುದು, ಸಿಸ್ಟರ್ ನಗುತ್ತಾ ಕೆಲಸ ಮುಗಿಸುವುದು. ಅದನ್ನು ನೋಡಿಯೇ ತಾನು ಈ ಕೆಲಸಕ್ಕೆ ಬರಬೇಕು ಅಂದುಕೊಂಡೆ ಎಂದು ಹೇಳಿದ್ದಳು.

ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಅವಳ ಅಮ್ಮನ ಕೈಯ ಹುರುಳಿಕಾಳಿನ ಉಪ್ಸಾರು ಮುಗಿಯುವ ತನಕ ನಾನು ನನ್ನ ಡಬ್ಬಿ ತೆರೆಯುತ್ತಲೇ ಇರಲಿಲ್ಲ. ಒಂದು ದಿನ ಮನೆಯಲ್ಲಿ ಅಮ್ಮ, "ಆ ಹುಡುಗಿ ಡಬ್ಬಿಯಿಂದೇನೂ ತಿನ್ನಲ್ಲ ತಾನೇ?" ಎಂದು ಕೇಳಿದಳು. ಇಲ್ಲ ಅಂದೆ. ಅವಳ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು.

ಮೂರನೇ ವರ್ಷದಲ್ಲಿ ನಮ್ಮನ್ನು ಗಂಡಸರ ಮೆಡಿಕಲ್ ವಾರ್ಡಿಗೆ ಪೋಸ್ಟಿಂಗ್ ಹಾಕಿದರು. ನಲವತ್ತು ಹಾಸಿಗೆ. ಹಗಲು ಇರುತ್ತಿದ್ದ ಸಿಸ್ಟರುಗಳು ಮೂವರು, ಅದರಲ್ಲಿ ಒಬ್ಬರು ಯಾವಾಗಲೂ ರಜೆ. ಪೋಸ್ಟಿಂಗ್ ಅಂದರೆ ವಿದ್ಯಾರ್ಥಿಗಳು ರೋಗಿಯ ಪಕ್ಕದಲ್ಲಿ ನಿಂತು ಕಲಿಯುವುದು ಎಂದು ನಮ್ಮ ಪುಸ್ತಕದಲ್ಲಿತ್ತು. ಅಲ್ಲಿ ನಾವು ಇಲ್ಲದ ನೌಕರರ ಬದಲಿಗೆ ನಿಂತಿದ್ದೆವು. ಹಾಸಿಗೆ ಬದಲಿಸುವುದು, ಡ್ರಿಪ್ ಮುಗಿದರೆ ಓಡುವುದು, ಲ್ಯಾಬಿಗೆ ರಕ್ತ ಕೊಂಡೊಯ್ಯುವುದು, ಫಾರ್ಮಸಿಯಿಂದ ಔಷಧಿ ತರುವುದು. ದಿನಕ್ಕೆ ನಾಲ್ಕು ಸಲ ಪ್ರತಿಯೊಬ್ಬರ ಜ್ವರ, ನಾಡಿ, ಉಸಿರು, ಬಿಪಿ ನೋಡಿ ಹಾಸಿಗೆಯ ಕಾಲ ಕಡೆ ನೇತುಹಾಕಿದ ಚಾರ್ಟಿನಲ್ಲಿ ಬರೆಯುವುದು. ಬಿಪಿ ಮಿಷನ್ ಒಂದೇ ಇತ್ತು, ಅದರ ಪಟ್ಟಿಯೂ ಸರಿಯಾಗಿ ಅಂಟುತ್ತಿರಲಿಲ್ಲ, ಒಬ್ಬಳು ಕೈಯಲ್ಲಿ ಹಿಡಿದುಕೊಂಡಿರಬೇಕಾಗಿತ್ತು. ನಿಜವಾಗಿ ನೋಡುತ್ತಾ ಹೋದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಇನ್ನೊಂದು ಸುತ್ತಿನ ಹೊತ್ತಾಗುತ್ತಿತ್ತು.

ವಾರ್ಡಿನ ಹಿರಿಯ ಸಿಸ್ಟರ್ ಮೊದಲ ದಿನವೇ ದಾರಿ ತೋರಿಸಿಕೊಟ್ಟರು. "ಬೆಳಿಗ್ಗೆದು ನೋಡ್ಕೊಳ್ಳಿ, ಒಂದೆರಡು ಹೆಚ್ಚು ಕಮ್ಮಿ ಮಾಡಿ ಬರೀರಿ. ಸೀರಿಯಸ್ ಇರೋರನ್ನ ಮಾತ್ರ ನೋಡಿ. ಇಲ್ಲಾಂದ್ರೆ ಸಾಯಂಕಾಲ ಆಗುತ್ತೆ ನಿಮಗೆ." ಅವರು ಕೆಟ್ಟವರಲ್ಲ. ಮಂಡಿನೋವು ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಅದೇ ನೆಲದ ಮೇಲೆ ಓಡಾಡಿದವರು. ಅವರಿಗೂ ಯಾರೋ ಹೀಗೇ ಹೇಳಿಕೊಟ್ಟಿರಬೇಕು.

ನನ್ನ ಗೆಳತಿ ಒಪ್ಪಲಿಲ್ಲ. ಕೈಗಡಿಯಾರದ ಮುಳ್ಳು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದಳು. ನಾನು ಹತ್ತು ಹಾಸಿಗೆ ಮುಗಿಸುವಾಗ ಅವಳು ಮೂರರಲ್ಲಿರುತ್ತಿದ್ದಳು. ಸಿಸ್ಟರ್ ಎಲ್ಲರ ಮುಂದೆ, "ಏನಮ್ಮ, ಪಿಎಚ್‌ಡಿ ಮಾಡೋಕೆ ಬಂದಿದೀಯಾ ಇಲ್ಲಿ?" ಎಂದು ಕೇಳಿದರು. ರೋಗಿಗಳ ಕಡೆಯವರೂ ನಕ್ಕರು. ನನಗೆ ಮಾತ್ರ, "ನೋಡು, ಇವಳ ಥರ ಫಾಸ್ಟಾಗಿ ಮಾಡಬೇಕು" ಎಂಬ ಹೊಗಳಿಕೆ. ಅವಳು ಬಾತ್‌ರೂಮಿಗೆ ಹೋಗಿ ಅತ್ತು ಬಂದಳು. ಇನ್ನೊಂದು ದಿನ ನಾನು ಅತ್ತೆ. ಡಾಕ್ಟರೊಬ್ಬರು ರೌಂಡ್ಸಿನಲ್ಲಿ ಕಡತವನ್ನು ನನ್ನ ಕಾಲ ಬಳಿ ಎಸೆದಿದ್ದರು. ಹೀಗೆ ಸರದಿಯ ಮೇಲೆ ಅಳುವುದು ನಮಗೆ ಅಭ್ಯಾಸವಾಗಿತ್ತು. ಒಬ್ಬಳು ಒಳಗೆ ಅಳುತ್ತಿದ್ದರೆ ಇನ್ನೊಬ್ಬಳು ಹೊರಗೆ ಅವಳ ಹಾಸಿಗೆಗಳನ್ನು ನೋಡಿಕೊಳ್ಳುವುದು. ಒಬ್ಬರ ಬದಲಿಗೆ ಇನ್ನೊಬ್ಬರು ಬರೆದಾಗ ಯಾರ ಹಾಸಿಗೆಯೋ ಅವರ ಸಹಿಯನ್ನೇ ಹಾಕುವುದೂ ಹಾಗೇ ರೂಢಿಯಾಯಿತು.

ಹದಿನಾಲ್ಕನೇ ಹಾಸಿಗೆಗೆ ನ್ಯುಮೋನಿಯಾ ಎಂದು ಒಬ್ಬ ವಯಸ್ಸಾದವರು ಬಂದರು. ಬಡಾವಣೆಯೊಂದರ ಮರದ ಕೆಳಗೆ ಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಿದ್ದವರು. ಎರಡನೇ ದಿನ ಜ್ವರ ಸ್ವಲ್ಪ ಇಳಿದಾಗ ನನ್ನ ಕೋಟನ್ನು ಮೇಲಿಂದ ಕೆಳಗೆ ನೋಡಿ, "ಯಾರವ್ವ ಇದನ್ನ ಇಸ್ತ್ರಿ ಮಾಡಿದ್ದು? ತೋಳಿಗೆ ಎರಡು ಗೆರೆ ಬಿದ್ದಯ್ತೆ" ಅಂದರು.

"ನಾನೇ ತಾತ."

"ಡಾಕ್ಟರಮ್ಮನ ಕೆಲಸ ಕಲಿ, ಇಸ್ತ್ರಿ ನಂಗೆ ಬುಡು. ಹುಷಾರಾಗ್ಲಿ, ಮಾಡ್ಕೊಡ್ತೀನಿ."

ನಾನು ಡಾಕ್ಟರಮ್ಮ ಅಲ್ಲ ಎಂದು ತಿದ್ದಲಿಲ್ಲ. ಗೆಳತಿ ಪಕ್ಕದಲ್ಲಿ ನಿಂತು ನನ್ನನ್ನು ನೋಡಿ ನಕ್ಕಳು.

ಮೂರನೇ ದಿನ ಹನ್ನೊಂದರಿಂದ ಇಪ್ಪತ್ತರವರೆಗಿನ ಹಾಸಿಗೆಗಳು ಅವಳ ಪಾಲಿಗೆ, ಒಂದರಿಂದ ಹತ್ತು ನನ್ನ ಪಾಲಿಗೆ. ಒಂದೂವರೆಗೆ ಸಿಸ್ಟರ್ ಅವಳ ಕೈಗೆ ರಕ್ತದ ಮಾದರಿಗಳನ್ನು ಕೊಟ್ಟು ಲ್ಯಾಬಿಗೆ ಕಳಿಸಿದರು. ಹೋಗುವಾಗ, "ನಾನು ಬರೋದು ಲೇಟಾದ್ರೆ ಎರಡು ಗಂಟೆದು ನೀನೇ ನೋಡ್ಬುಡು ಕಣೇ. ಹದಿನಾಲ್ಕು ಒಂದು ಸರಿಯಾಗಿ ನೋಡು, ಬೆಳಿಗ್ಗೆಯಿಂದ ಮಂಕಾಗವ್ರೆ" ಅಂದಳು. ಆಯಿತು ಅಂದೆ.

ಎರಡು ಗಂಟೆಗೆ ಅವಳ ಹತ್ತೂ ಹಾಸಿಗೆಗಳನ್ನು ನಾನು ಐದು ನಿಮಿಷದಲ್ಲಿ ಮುಗಿಸಿದೆ. ಊಟ ಆಗಿರಲಿಲ್ಲ, ಕಾಲು ಸೇದುತ್ತಿತ್ತು. ಇವೆಲ್ಲ ಕಾರಣಗಳೇ, ಆದರೆ ಆ ದಿನ ನನಗೆ ಯಾವ ಕಾರಣವೂ ಬೇಕಾಗಿರಲಿಲ್ಲ. ಹದಿನಾಲ್ಕರವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸೊಸೆ ಪಕ್ಕದ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಳು. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡೆ. ಕಾಲ ಬಳಿ ನಿಂತು ಜ್ವರ ತೊಂಬತ್ತೆಂಟು ಪಾಯಿಂಟ್ ನಾಲ್ಕು, ನಾಡಿ ಎಂಬತ್ತು, ಬಿಪಿ ನೂರಿಪ್ಪತ್ತು ಎಂಬತ್ತು ಎಂದು ಬರೆದೆ. ಅವಳ ಸಹಿ ಹಾಕಿದೆ. ಹದಿನೈದಕ್ಕೆ ಹೋದೆ.

ಎರಡೂವರೆಗೆ ಅವಳು ಬಂದಳು. ಚಾರ್ಟ್ ನೋಡಲಿಲ್ಲ, ಮೊದಲು ಕೈ ಹಿಡಿದಳು. ಆಮೇಲೆ ನನ್ನನ್ನು ಕರೆದಳು.

"ಕೈಯೆಲ್ಲ ತಣ್ಣಗಿದೆ, ಬೆವರು ನೋಡು. ನೀನು ನೋಡ್ದಾಗ ಎಂಗಿತ್ತು?"

"ಎಂಬತ್ತಿತ್ತು."

"ಎಣಿಸ್ದಾ?"

"ಎಣಿಸ್ದೆ."

ಅವಳು ಮತ್ತೆ ಎಣಿಸಿದಳು. ನೂರಮೂವತ್ತರ ಮೇಲೆ, ಅದೂ ಸಿಕ್ಕಿ ಸಿಕ್ಕದ ಹಾಗೆ. ಸಿಸ್ಟರ್ ಬಳಿ ಓಡಿದಳು. ಸಿಸ್ಟರ್ ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಬಂದು ಚಾರ್ಟ್ ಎತ್ತಿ ನೋಡಿದರು.

"ಅರ್ಧ ಗಂಟೆ ಹಿಂದೆ ಎಂಬತ್ತು ಅಂತ ನೀನೇ ಬರ್ದಿದೀಯ. ಈಗ ನೂರಮೂವತ್ತಾ? ಬಿಪಿ ಚೆನ್ನಾಗಿದೆ. ಸರಿಯಾಗಿ ನೋಡೋಗು. ಡ್ಯೂಟಿ ಡಾಕ್ಟರು ಎಮರ್ಜೆನ್ಸಿಯಲ್ಲಿದಾರೆ, ಸುಮ್ಸುಮ್ನೆ ಕರೆಯೋಕಾಗಲ್ಲ."

ಅವಳು ನನ್ನ ಮುಖ ನೋಡಿದಳು. ಆ ಕ್ಷಣ ನಾನು, "ಸಿಸ್ಟರ್, ಅದು ಸುಳ್ಳು, ನಾನು ನೋಡಿಲ್ಲ" ಎಂದು ಹೇಳಿದ್ದರೆ ಡಾಕ್ಟರನ್ನು ಆಗಲೇ ಕರೆಯುತ್ತಿದ್ದರು. ನಾನು ಹೇಳಲಿಲ್ಲ. ಬಿಪಿ ಮಿಷನ್ ತರುತ್ತೇನೆ ಎಂದು ವಾರ್ಡಿನ ಆ ತುದಿಗೆ ಹೋದೆ. ಅದು ಬೇರೆ ಹಾಸಿಗೆಯಲ್ಲಿತ್ತು. ತಂದು ಹಾಕಿ ನೋಡುವಷ್ಟರಲ್ಲಿ, ಸಿಸ್ಟರ್ ನಂಬುವಷ್ಟರಲ್ಲಿ, ಡಾಕ್ಟರು ಬರುವಷ್ಟರಲ್ಲಿ ಮೂರೂಕಾಲಾಗಿತ್ತು. ಆಮೇಲೆ ಎಲ್ಲರೂ ಓಡಾಡಿದರು, ಎಲ್ಲವನ್ನೂ ಮಾಡಿದರು. ನಾಲ್ಕೂವರೆಗೆ ಮುಂಚೆ ಅವರು ಹೋದರು. ಮೊದಲೇ ಕರೆದಿದ್ದರೆ ಉಳಿಯುತ್ತಿದ್ದರೇ ಎಂದು ನನಗೆ ಗೊತ್ತಿಲ್ಲ. ಉಳಿಯುತ್ತಿರಲಿಲ್ಲ ಎಂದು ನನಗೆ ಹಲವರು ಹೇಳಿದ್ದಾರೆ. ಹಾಗೆ ಹೇಳಿದವರು ಯಾರೂ ಆ ವಾರ್ಡಿನಲ್ಲಿರಲಿಲ್ಲ.

ಮಕ್ಕಳು, ನೆಂಟರು ಬಂದರು. ಗಲಾಟೆಯಾಯಿತು. ಯಾರೋ ಮೊಬೈಲಿನಲ್ಲಿ ಚಾರ್ಟಿನ ಫೋಟೋ ತೆಗೆದುಕೊಂಡರು. ಸೊಸೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: "ಎರಡು ಗಂಟೆ ಹೊತ್ನಲ್ಲಿ ಯಾರೂ ಬಂದು ಮುಟ್ಟಿಲ್ಲ ನಮ್ಮ ಮಾವನ್ನ. ಕಾಲ್ತಾವ ನಿಂತ್ಕಂಡು ಬರ್ಕೊಂಡು ಹೋದ್ರು." ಅವಳು ತೂಕಡಿಸುತ್ತಿರಲಿಲ್ಲ, ನೋಡುತ್ತಿದ್ದಳು ಎಂದು ಆಗ ಗೊತ್ತಾಯಿತು. ಬಂದವಳು ಯಾರು ಎಂದು ಕೇಳಿದಾಗ ನಮ್ಮಿಬ್ಬರನ್ನೂ ನೋಡಿದಳು. ಅದೇ ಕೋಟು, ಅದೇ ಜಡೆ, ಮುಖಕ್ಕೆ ಅದೇ ಮಾಸ್ಕು. ಗೊತ್ತಾಗಲ್ಲ ಅಂದಳು.

ಮರುದಿನ ಬೆಳಿಗ್ಗೆ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಗೆಳತಿ ನನಗಾಗಿ ಕಾಯುತ್ತಾ ನಿಂತಿದ್ದಳು.

"ನೀನು ನೋಡ್ಲೇ ಇಲ್ಲ ಅಲ್ವಾ?" ಅಂದಳು.

ನಾನು ಅಳತೊಡಗಿದೆ.

"ನಂಗೆ ಅವಾಗ್ಲೇ ಗೊತ್ತಾಯ್ತು. ಹೋಗ್ಲಿ ಬುಡು, ಅಳಬೇಡ. ಇಬ್ರೂ ಹೋಗಿ ಹೇಳ್ಬುಡೋಣ. ಎಲ್ರೂ ಅಂಗೇ ಬರೆಯೋದು, ಹೇಳ್ಕೊಟ್ಟಿದ್ದೂ ಅಂಗೇ. ಎಲ್ಲ ಸೇರಿಸಿ ಹೇಳೋಣ. ನಿನ್ನೊಬ್ಬಳ ಮೇಲೇ ಬರಲ್ಲ."

ತನ್ನ ಮೇಲೆ ಬರುತ್ತದೆ ಎಂಬ ಯೋಚನೆಯೇ ಅವಳಿಗಿರಲಿಲ್ಲ. ಸರಿ ಅಂದೆ. ಹೇಳಬೇಕು ಎಂದೇ ಅಂದುಕೊಂಡಿದ್ದೆ.

ಆ ಸಂಜೆ ಅಮ್ಮನಿಗೆ ಹೇಳಿದೆ. ಅಮ್ಮ ಮಾವನಿಗೆ ಫೋನ್ ಮಾಡಿದಳು. ಮಾವ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಕೇಳಿದರು, "ಸಹಿ ಯಾರದ್ದಿದೆ?"

"ಅವಳದ್ದು. ಹಾಕಿದ್ದು ನಾನು ಮಾವ."

"ಹಾಸಿಗೆ ಯಾರ ಹೆಸರಲ್ಲಿತ್ತು?"

"ಅವಳದ್ದೇ."

"ಸರಿ. ನೀನೇನೂ ಸುಳ್ಳು ಹೇಳಬೇಡ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ನಿನ್ನ ಹಾಸಿಗೆ ಯಾವುದು ಅಂದ್ರೆ ಒಂದರಿಂದ ಹತ್ತು. ಅದು ನಿಜಾನೇ ತಾನೇ?"

"ಅವಳು ಎಲ್ಲಾ ಹೇಳೋಣ ಅಂತಿದಾಳೆ."

"ಹೇಳ್ಲಿ ಬಿಡು. ಸತ್ತವರ ಕಡೆಯವರು ಪೊಲೀಸಿಗೆ ಹೋದ್ರೆ ನಿನ್ನ ಹೆಸರು ಪೇಪರಲ್ಲಿ ಬರುತ್ತೆ ಕಣೇ. ಯೋಚನೆ ಮಾಡು."

ಅಪ್ಪ ಅಲ್ಲೇ ಕೂತಿದ್ದರು. ತರಗತಿಯಲ್ಲಿ ಪ್ರಯೋಗದ ಅಂಕಿ ಕದ್ದು ಬರೆದ ಹುಡುಗರನ್ನು ಹೊರಗೆ ಕಳಿಸುವವರು. ಅವರೇನಾದರೂ ಅನ್ನುತ್ತಾರೆ ಎಂದು ನಾನು ಕಾದೆ. ಅವರು ಎದ್ದು ಮಾವನನ್ನು ಗೇಟಿನ ತನಕ ಕಳಿಸಿ ಬಂದರು.

ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆಗೆ ಮೂರು ಜನ ಕೂತಿದ್ದರು. ನನ್ನನ್ನು ಮೊದಲು ಕರೆದರು.

"ನಿಮ್ಮ ಹಾಸಿಗೆ ಯಾವುವಮ್ಮ?"

"ಒಂದರಿಂದ ಹತ್ತು ಮೇಡಂ."

"ಹದಿನಾಲ್ಕು?"

"ಅವಳದ್ದು."

ಒಬ್ಬರು ಚಾರ್ಟನ್ನು ನನ್ನ ಕಡೆ ತಿರುಗಿಸಿದರು. "ಈ ಅಕ್ಷರ ಯಾರದ್ದು ಅನ್ನಿಸುತ್ತೆ?"

ಇದನ್ನು ಮಾವ ಹೇಳಿಕೊಟ್ಟಿರಲಿಲ್ಲ. ನನ್ನ ಎಂಟು ನನಗೆ ಗೊತ್ತಿಲ್ಲವೇ? ಮೇಲಿನ ಸುತ್ತು ಚಿಕ್ಕದು, ಕೆಳಗಿನದು ದೊಡ್ಡದು. ನಾನು ಅದನ್ನೇ ನೋಡುತ್ತಾ, "ನಮ್ಮಿಬ್ಬರದ್ದೂ ಒಂದೇ ಥರ ಇರುತ್ತೆ ಸರ್" ಅಂದೆ. ಅವರು ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತು. ಹೊರಗೆ ಬರಲು ಬಾಗಿಲು ತೆಗೆದಾಗ ಅವಳು ಬೆಂಚಿನ ಮೇಲೆ ಕೂತಿದ್ದಳು. ಒಳಗಿನ ಮಾತು ಕೇಳುವಷ್ಟು ಹತ್ತಿರದಲ್ಲಿ.

ಅವಳು ಒಳಗೆ ಹೋಗಿ ಎಲ್ಲವನ್ನೂ ಹೇಳಿದಳು. ಬರೆದದ್ದು ತಾನಲ್ಲ, ನಾನು ಎಂದು, ಹೇಳಿಕೊಟ್ಟದ್ದು ಸಿಸ್ಟರ್ ಎಂದು, ಎಲ್ಲ ಬ್ಯಾಚಿನವರೂ ಹೀಗೇ ಬರೆಯುತ್ತಾರೆ ಎಂದು, ಬಿಪಿ ಮಿಷನ್ ಒಂದೇ ಇರುವುದೆಂದು. ನನ್ನ ಹೆಸರಷ್ಟೇ ಹೇಳಿದ್ದರೆ ಬಹುಶಃ ಇನ್ನೊಂದು ಸಲ ಅಕ್ಷರ ನೋಡುತ್ತಿದ್ದರು. ಅವಳು ವಾರ್ಡಿನ ಪೂರ್ತಿ ಕಥೆ ಹೇಳಿದ್ದರಿಂದ ಅವರಿಗೆ ಅವಳು ಸುಳ್ಳುಗಾರ್ತಿಯಾಗಿಯೇ ಬೇಕಾದಳು. ಸಿಸ್ಟರ್ ತಾನು ಹಾಗೆ ಹೇಳಿಯೇ ಇಲ್ಲ ಅಂದರು. ಬೇರೆ ಹುಡುಗಿಯರನ್ನು ಕೇಳಿದರು. ಹದಿನಾರು ಜನರಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ. ಎಲ್ಲರ ರೆಕಾರ್ಡ್ ಪುಸ್ತಕಕ್ಕೂ ಆ ಸಿಸ್ಟರೇ ಸಹಿ ಹಾಕಬೇಕಾಗಿತ್ತು.

ತೀರ್ಮಾನ ಒಂದು ವಾರದಲ್ಲಿ ಬಂತು. ಅವಳು ಆ ವರ್ಷದ ಪೋಸ್ಟಿಂಗನ್ನೆಲ್ಲ ಕೆಳಗಿನ ಬ್ಯಾಚಿನ ಜೊತೆ ಮತ್ತೆ ಮಾಡಬೇಕು, ನೋಡದೆ ಬರೆದದ್ದಕ್ಕೂ ಸಹಪಾಠಿಯ ಮೇಲೆ ಆರೋಪ ಹೊರಿಸಿದ್ದಕ್ಕೂ ಕ್ಷಮಾಪಣೆ ಪತ್ರ ಬರೆದುಕೊಡಬೇಕು. ಪತ್ರವನ್ನು ಆಫೀಸಿನವರೇ ಟೈಪ್ ಮಾಡಿಟ್ಟಿದ್ದರು. ಅವಳು ಓದಿ ಮೇಜಿನ ಮೇಲೆ ವಾಪಸ್ಸಿಟ್ಟಳು. "ನಾನು ಮಾಡಿಲ್ಲ ಸರ್, ಸಹಿ ಹಾಕಲ್ಲ" ಅಂದಳಂತೆ. ಅವಳ ಅಪ್ಪ ಆಟೋ ಹೊರಗೆ ನಿಲ್ಲಿಸಿ ಬಂದು ಕೈ ಮುಗಿದು ಕೇಳಿಕೊಂಡರು. ಸಹಿ ಹಾಕಿದರೆ ಸೇರಿಸಿಕೊಳ್ಳುತ್ತೇವೆ ಎಂದು ಪ್ರಿನ್ಸಿಪಾಲರು ಅಂದರು. ಅವಳು ಹಾಕಲಿಲ್ಲ.

ಹೋಗುವ ದಿನ ಕಾರಿಡಾರಿನಲ್ಲಿ ನನ್ನ ಎದುರಿಗೆ ಬಂದಳು. ಬೈಯುತ್ತಾಳೆ ಅಂದುಕೊಂಡೆ.

"ನಿಂಗೆ ಭಯ ಆಯ್ತು ಅಂದಿದ್ರೆ ನಂಗೆ ಅರ್ಥ ಆಗ್ತಿತ್ತು ಕಣೇ," ಅಂದಳು. "ಅಕ್ಷರ ಒಂದೇ ಥರ ಇರುತ್ತೆ ಅಂದ್ಯಲ್ಲ, ಅದು ಎಂಗೆ ಬಂತು ನಿನ್ನ ಬಾಯಲ್ಲಿ?"

ಅವಳು ಮೆಟ್ಟಿಲಿಳಿದು ಹೋದಳು.

ಅದಾಗಿ ಒಂದು ತಿಂಗಳಿಗೆ ಕಾಲೇಜಿನಲ್ಲಿ ಒಂದು ಕಾರ್ಯಾಗಾರ ಇಟ್ಟರು. ಕ್ಲಿನಿಕಲ್ ಪೋಸ್ಟಿಂಗಿನಲ್ಲಿ ವಿದ್ಯಾರ್ಥಿಗಳು ಕುಗ್ಗಿಹೋಗುತ್ತಿದ್ದಾರೆ, ಅವರ ಮನೋಸ್ಥೈರ್ಯ ಹೆಚ್ಚಿಸಬೇಕು ಎಂದು. ಹೊರಗಿನಿಂದ ಒಬ್ಬರು ಬಂದಿದ್ದರು. ಒಳ್ಳೆಯ ಅಂಗಿ, ಒಳ್ಳೆಯ ದನಿ. ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ ಅಂದರು. ಕಷ್ಟ ಹೊರಗಿರುವುದಿಲ್ಲ, ನಾವು ಅದನ್ನು ತೆಗೆದುಕೊಳ್ಳುವ ರೀತಿಯಲ್ಲಿರುತ್ತದೆ ಅಂದರು. ನಲವತ್ತು ಹಾಸಿಗೆಗೆ ಎಷ್ಟು ಜನ ಇದ್ದೀರಿ ಎಂದು ಮಾತ್ರ ಕೇಳಲಿಲ್ಲ. ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ.

ಕೊನೆಯಲ್ಲಿ ಒಂದೊಂದು ಹಾಳೆ ಹಂಚಿದರು. ಕಷ್ಟ ಬಂದಾಗ ನಾನು ಬೇಗ ಚೇತರಿಸಿಕೊಳ್ಳುತ್ತೇನೆ, ನನಗೆ ಸಹಾಯ ಮಾಡುವವರು ಇದ್ದಾರೆ, ಹೀಗೆ ಇಪ್ಪತ್ತು ವಾಕ್ಯ. ಪ್ರತಿಯೊಂದಕ್ಕೂ ಒಂದರಿಂದ ಐದರೊಳಗೆ ಅಂಕ ಕೊಡಬೇಕು. ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ, "ಎಲ್ಲಾದಕ್ಕೂ ನಾಲ್ಕು ಹಾಕ್ರೇ, ಬಸ್ಸು ತಪ್ಪುತ್ತೆ" ಅಂದಳು. ಎಲ್ಲರೂ ನಾಲ್ಕು ಹಾಕಿದೆವು. ಒಂದನ್ನೂ ಓದದೆ. ಆ ಹಾಳೆಗಳನ್ನೆಲ್ಲ ಕೂಡಿಸಿ ನಮ್ಮ ಬ್ಯಾಚಿನ ಮನೋಸ್ಥೈರ್ಯ ತುಂಬಾ ಚೆನ್ನಾಗಿದೆ ಎಂದು ನೋಟಿಸ್ ಬೋರ್ಡಿಗೆ ಹಾಕಿದ್ದರು.

ವರ್ಷದ ಕೊನೆಗೆ ಉತ್ತಮ ಕ್ಲಿನಿಕಲ್ ವಿದ್ಯಾರ್ಥಿನಿ ಎಂದು ನನಗೆ ಬಹುಮಾನ ಬಂತು. ಕಷ್ಟದ ಘಟನೆಯ ನಂತರವೂ ಎದೆಗುಂದದೆ ಒಂದು ದಿನವೂ ರಜೆ ಹಾಕದೆ ಬಂದಳು ಎಂದು ಪ್ರಿನ್ಸಿಪಾಲರು ಹೇಳಿದರು. ಅದು ನಿಜ. ರಜೆ ಹಾಕಿದರೆ ಮನೆಯಲ್ಲಿ ಒಬ್ಬಳೇ ಕೂರಬೇಕಾಗುತ್ತಿತ್ತು. ಅಮ್ಮ ಆ ಫೋಟೋವನ್ನು ನೆಂಟರ ಗುಂಪಿಗೆಲ್ಲ ಕಳಿಸಿದಳು. ನರ್ಸಿಂಗ್ ಎಂಬ ಮಾತು ಫೋಟೋದ ಹಿಂದಿನ ಬ್ಯಾನರಿನಲ್ಲಿ ದೊಡ್ಡದಾಗಿ ಕಾಣುತ್ತಿತ್ತು, ಅದಕ್ಕೆ ನನ್ನ ಮುಖವಷ್ಟೇ ಇರುವಂತೆ ಕತ್ತರಿಸಿದ್ದಳು.

ಕೊನೆಯ ವರ್ಷ ಶುರುವಾಗುವ ಮುಂಚೆ ನಾನು ಕೆಸರೆಗೆ ಹೋದೆ. ಕ್ಷಮೆ ಕೇಳಲು ಹೋದೆ ಎಂದು ಆಗ ಅಂದುಕೊಂಡಿದ್ದೆ. ಈಗ ಯೋಚಿಸಿದರೆ, ಅವಳು ಚೆನ್ನಾಗಿದ್ದಾಳೆ ಎಂದು ಕಣ್ಣಾರೆ ನೋಡಿ ಹಗುರವಾಗಲು ಹೋದದ್ದು ಅನ್ನಿಸುತ್ತದೆ. ಬಾಗಿಲು ತೆಗೆದದ್ದು ಅವಳ ಅಮ್ಮ. ನನ್ನನ್ನು ಮೊದಲೂ ನೋಡಿದ್ದರು, ಗುರುತು ಹಿಡಿದರು.

"ಬಾ ಕೂತ್ಕೊ," ಅಂದರು. ಕೂತೆ. ನೀರು ತಂದುಕೊಟ್ಟರು. "ಫ್ಯಾಕ್ಟ್ರಿಗೆ ಹೋಗವ್ಳೆ, ಮೇಟಗಳ್ಳಿಲಿ. ಬರೋ ಹೊತ್ತಾಯ್ತು." ಲೋಟ ವಾಪಸ್ಸು ತೆಗೆದುಕೊಳ್ಳುತ್ತಾ ಕೇಳಿದರು, "ನೀನು ಊಟ ಮಾಡ್ತಿದ್ದಲ್ಲವ್ವ ನನ್ನ ಕೈದು. ದಿನಾ ಇಬ್ಬರಿಗಾಗೋವಷ್ಟು ಕಟ್ಟು ಅಂತಿದ್ಲು. ಅಂಗ್ಯಾಕ್ ಮಾಡ್ದೆ ನೀನು?"

ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ. "ಹೆದರ್ಕೊಂಡೆ ಅಮ್ಮ" ಅಂದೆ.

"ಅವ್ಳಿಗೂ ಹೆದರಿಕೆ ಇತ್ತಲ್ಲ," ಅಂದು ಒಳಗೆ ಹೋದರು.

ಅವಳು ಬಂದಳು. ಸಮವಸ್ತ್ರದ ಮೇಲೆ ಕಂಪನಿಯ ಗುರುತಿನ ಕಾರ್ಡು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಎದುರಿಗೆ ಕೂತಳು. ಕ್ವಾಲಿಟಿ ವಿಭಾಗದಲ್ಲಿದ್ದಾಳಂತೆ, ಬಿಡಿಭಾಗಗಳನ್ನು ಅಳತೆ ಮಾಡಿ ಸರಿಯಿದೆಯೋ ಇಲ್ಲವೋ ಎಂದು ಬರೆಯುವ ಕೆಲಸ.

"ಅಲ್ಲಿ ನೋಡ್ದೆ ಓಕೆ ಅಂತ ಬರೆದ್ರೆ ಅದೇ ದಿನ ಗೊತ್ತಾಗುತ್ತೆ," ಅಂದಳು. "ಮುಂದಿನ ಮಿಷನಲ್ಲಿ ಸಿಕ್ಕಾಕೊಳ್ಳುತ್ತೆ. ಯಾರೂ ಹಂಗೆ ಬರೆಯಲ್ಲ."

ನಾನು ಕ್ಷಮೆ ಕೇಳಿದೆ. ಅಳುತ್ತಾ ಕೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇದನ್ನ ನನ್ ಹತ್ರ ಯಾಕೆ ಹೇಳ್ತಿದೀಯ? ನಂಗೆ ಗೊತ್ತಿರೋದೇ ಅಲ್ವಾ. ಗೊತ್ತಿಲ್ದೇ ಇರೋರ ಹತ್ರ ಹೇಳು. ಬರ್ಕೊಟ್ಟು ಬಾ. ನನ್ನ ಹೆಸರಲ್ಲಿ ಆ ಫೈಲು ಇರಬಾರ್ದು. ಅಷ್ಟು ಮಾಡು, ಆಮೇಲೆ ಬಂದು ಅಳು."

ಬರೆದೆ. ಎರಡು ಪುಟ, ಎಲ್ಲವನ್ನೂ. ಮರುವಾರ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಕೊಟ್ಟೆ. ಅವರು ನಿಧಾನವಾಗಿ ಓದಿದರು, ಕನ್ನಡಕ ತೆಗೆದಿಟ್ಟರು.

"ನಿಮ್ಮ ಮನಸ್ಸು ಒಳ್ಳೇದಮ್ಮ, ಅದಕ್ಕೇ ಹೀಗೆ ಕೊರಗ್ತಿದೀರಿ. ಗೆಳತಿ ಹೋದ್ಲು ಅಂತ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ತಿದೀರಿ. ಆ ಫೈಲ್ ಕ್ಲೋಸ್ ಆಗಿದೆ. ಕೊನೇ ವರ್ಷ, ಓದಿನ ಕಡೆ ನೋಡಿ. ನಿಮ್ಮ ಮಾವನಿಗೂ ಬೇಜಾರಾಗುತ್ತೆ."

ಪತ್ರವನ್ನು ಮಡಿಸಿ ನನ್ನ ಕಡೆಗೆ ಸರಿಸಿದರು. ಅವರು ನಂಬಲಿಲ್ಲವೋ, ನಂಬಿದರೂ ಬೇಡವೆನಿಸಿತೋ, ಗೊತ್ತಾಗಲಿಲ್ಲ. ನಾನು ಅದನ್ನು ಎತ್ತಿಕೊಂಡೆ. ಥ್ಯಾಂಕ್ಸ್ ಮೇಡಂ ಅಂದೆ. ಹೊರಗೆ ಬಂದಾಗ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಆ ಹಗುರವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ. ಕೊಟ್ಟೆ, ಅವರೇ ತೆಗೆದುಕೊಳ್ಳಲಿಲ್ಲ ಎಂದು ಅವಳಿಗೆ ಮೆಸೇಜ್ ಕಳಿಸಿದೆ. ಎರಡು ದಿನದ ಮೇಲೆ ಉತ್ತರ ಬಂತು: "ಅವರು ತಗೊಳ್ಳಲಿಲ್ಲ ಅಂದ್ರೆ ಬೇರೆ ಕಡೆ ಕೊಡಬೋದಿತ್ತಲ್ಲ." ಕೊಡಬಹುದಿತ್ತು. ನರ್ಸಿಂಗ್ ಪರಿಷತ್ತು ಇತ್ತು, ವಿಶ್ವವಿದ್ಯಾಲಯ ಇತ್ತು, ಆ ಇಸ್ತ್ರಿ ತಾತನ ಮನೆಯವರಿದ್ದರು. ಮೂರು ವಿಳಾಸವೂ ನನಗೆ ಗೊತ್ತಿತ್ತು. ಪರೀಕ್ಷೆ ಮುಗಿಯಲಿ ಎಂದೆ, ಫಲಿತಾಂಶ ಬರಲಿ ಎಂದೆ, ಕೆಲಸ ಸಿಗಲಿ ಎಂದೆ. ಅವಳ ನಂಬರಿನಿಂದ ಮತ್ತೆ ಏನೂ ಬಂದಿಲ್ಲ. ನಾನೂ ಕಳಿಸಿಲ್ಲ.

ಈಗ ಇನ್ನೊಂದು ಕಾಲೇಜಿನಲ್ಲಿ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಆಗಿದ್ದೇನೆ. ವಿದ್ಯಾರ್ಥಿಗಳ ಜೊತೆ ವಾರ್ಡಿನಲ್ಲಿ ನಿಂತು ಕೆಲಸ ಕಲಿಸುವುದು. ಬೇರೆ ಆಸ್ಪತ್ರೆ, ಇಲ್ಲೂ ಬಿಪಿ ಮಿಷನ್ ಸಾಲುವುದಿಲ್ಲ. ಸೇರಿದ ಹೊಸದರಲ್ಲಿ ಮಕ್ಕಳಿಗೆ, ನೋಡಿದ್ದನ್ನು ಮಾತ್ರ ಬರೆಯಿರಿ, ನೋಡಲಾಗದಿದ್ದರೆ ಜಾಗ ಖಾಲಿ ಬಿಡಿ ಅಂದೆ. ಖಾಲಿ ಜಾಗ ಬಹಳ ಬಂತು. ವಾರ್ಡಿನ ಮೇಲ್ವಿಚಾರಕರು ನಮ್ಮ ಪ್ರಿನ್ಸಿಪಾಲರಿಗೆ ಹೇಳಿದರು, ಪ್ರಿನ್ಸಿಪಾಲರು ನನ್ನನ್ನು ಕರೆಸಿ, ಹೊಂದಿಕೊಂಡು ಹೋಗಿ ಅಂದರು. ನಾನು ಬಿಟ್ಟುಕೊಡಲಿಲ್ಲ ಎಂದು ಹೇಳಲು ಆಸೆ. ನಡೆದದ್ದು ಇಷ್ಟು: ನಾನು ಇರುವ ದಿನ ಹುಡುಗಿಯರು ಖಾಲಿ ಬಿಡುತ್ತಾರೆ, ಇಲ್ಲದ ದಿನ ತುಂಬಿಸುತ್ತಾರೆ. ನನಗೆ ಗೊತ್ತು, ಅವರಿಗೂ ಗೊತ್ತು.

ಈ ವರ್ಷ ನಮ್ಮಲ್ಲೂ ಮನೋಸ್ಥೈರ್ಯದ ಕಾರ್ಯಕ್ರಮ ಇಟ್ಟು, ನೀವು ಚಿಕ್ಕ ವಯಸ್ಸಿನವರು, ಮಕ್ಕಳಿಗೆ ಹತ್ತಿರ, ನಿಮ್ಮ ಅನುಭವ ಹೇಳಿ ಎಂದು ನನ್ನನ್ನು ವೇದಿಕೆಯಲ್ಲಿ ಕೂರಿಸಿದರು. ಎದ್ದು ನಿಂತು, ಇಲ್ಲಿ ಬರೆದದ್ದನ್ನೇ ಹೇಳಿದೆ. ಹೆಸರು ಹೇಳಲಿಲ್ಲ, ಕಾಲೇಜು ಹೇಳಲಿಲ್ಲ. ಬರೆದವಳು ನಾನೇ ಎಂದು ಹೇಳಿದೆ. ಕಾರ್ಯಕ್ರಮ ನಡೆಸುತ್ತಿದ್ದ ಮೇಡಂ ಮೈಕು ತೆಗೆದುಕೊಂಡು, "ಎಂಥಾ ಧೈರ್ಯ ನೋಡಿ, ತಮ್ಮ ತಪ್ಪಿನಿಂದ ಪಾಠ ಕಲಿತು ಮೇಲೆ ಬಂದಿದಾರೆ, ಚಪ್ಪಾಳೆ ತಟ್ಟಿ" ಅಂದರು. ಎಲ್ಲರೂ ತಟ್ಟಿದರು. ಆಮೇಲೆ ಟೀ ಕುಡಿಯುವಾಗ ಅದೇ ಮೇಡಂ ನನ್ನ ಪಕ್ಕಕ್ಕೆ ಬಂದು, ಮುಂದಿನ ಸಲ ಸ್ವಲ್ಪ ಪಾಸಿಟಿವ್ ಆಗಿ ಹೇಳಿ, ಪೇರೆಂಟ್ಸ್ ಕೂಡ ಇರ್ತಾರೆ ಅಂದರು.

ಎಲ್ಲರೂ ಹೋದ ಮೇಲೆ ಮೊದಲ ವರ್ಷದ ಒಬ್ಬಳು ಹುಡುಗಿ ಬಾಗಿಲ ಬಳಿ ನಿಂತಿದ್ದಳು.

"ಮೇಡಂ, ಆ ಅಕ್ಕ ಮತ್ತೆ ನರ್ಸಿಂಗ್‌ಗೆ ಬರಲೇ ಇಲ್ವಾ?"

"ಇಲ್ಲ."

"ನೀವು ಕರೀಲಿಲ್ವಾ?"

ಅವಳಿಗೆ ಹದಿನೆಂಟು ವರ್ಷ ಇರಬಹುದು. ಚುಚ್ಚಲು ಕೇಳಿದ್ದಲ್ಲ, ತಿಳಿಯಬೇಕೆಂದು ಕೇಳಿದ್ದು. ಕರೆಯಲಿಲ್ಲ ಅಂದೆ. ಅವಳು, ಬಸ್ಸಿಗೆ ಹೊತ್ತಾಯಿತು ಮೇಡಂ ಎಂದು ಹೇಳಿ ಹೊರಟುಹೋದಳು. ನಾನು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ ಆಯಾಗೆ ಕೈ ಜೋಡಿಸಿದೆ.